ಮೆಸೇಜ್ ಹೋಯ್ತು, ಆದ್ರೆ ಉಳೀತಾ?

ಕಳೆದ ರಾಜ್ಯೋತ್ಸವದ ತಯಾರಿಯಲ್ಲಿ ನಮ್ಮ ಕನ್ನಡ ಸಂಘಕ್ಕೆ ಒಂದು ಸಣ್ಣ ತಲೆನೋವು ಬಂತು. ಸಂಜೆ ಆರರ ನಂತರವೂ ಆಡಿಟೋರಿಯಂ ಬಳಸಿಕೊಳ್ಳಲು ಅನುಮತಿ ಪತ್ರ ಕೊಡಬೇಕಿತ್ತು. "ಹೊಸದಾಗಿ ಯಾಕ್ರೋ ಬರೀತೀರಾ, ಹಿಂದಿನವರು ಕೊಟ್ಟಿದ್ದ ಪತ್ರ ಇದ್ಯಲ್ಲ, ಅದನ್ನೇ ನೋಡ್ಕೊಂಡು ಬರೀರಿ" ಅಂದ್ರು ನಮ್ಮ ಮೇಷ್ಟ್ರು.

ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹುಡುಕಿದೆವು. ನಾವೆಲ್ಲ ಗ್ರೂಪಿಗೆ ಸೇರಿದ್ದೇ ಆಮೇಲೆ. ಹಾಗಾಗಿ ನಮ್ಮ ಯಾರ ಫೋನಿನಲ್ಲೂ ಹಳೆಯದು ಏನೂ ಇಲ್ಲ. ಪಾಸಾಗಿ ಹೋದ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದರೆ, ಅವರ ಹಳೇ ಫೋನು ಬಸ್ಸಿನಲ್ಲಿ ಕಳೆದುಹೋಗಿ ವರ್ಷವಾಗಿತ್ತು, ಬ್ಯಾಕಪ್ಪೂ ಇರಲಿಲ್ಲ. ಮೂರು ವರ್ಷದ ಚರ್ಚೆ, ಫೋಟೋ, ಸೌಂಡ್ ಸಿಸ್ಟಮ್ಮಿನವರ ನಂಬರು, ಲೆಕ್ಕಪತ್ರ, ಎಲ್ಲವೂ ಅಷ್ಟೇ.

ಕೊನೆಗೆ ಮೇಷ್ಟ್ರೇ ತಮ್ಮ ಇಮೇಲ್‌ನಲ್ಲಿ ಹುಡುಕಿ ಒಂದು ಪತ್ರ ಫಾರ್ವರ್ಡ್ ಮಾಡಿದರು. ತಾರೀಖು ನೋಡಿದ್ರೆ 2013! ನಾವು ಪ್ರೈಮರಿ ಶಾಲೆಯಲ್ಲಿದ್ದಾಗ ಯಾರೋ ಬರೆದಿದ್ದ ಮೇಲ್. ಖುಷಿಯಿಂದ ಅದರಲ್ಲಿದ್ದ ಫೈಲ್ ತೆರೆದರೆ ಒಂದಕ್ಷರವೂ ಕನ್ನಡ ಅಲ್ಲ. ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳು, ಮಧ್ಯೆ ಮಧ್ಯೆ ಸೊನ್ನೆ, ಕೊಕ್ಕೆ, ಚುಕ್ಕೆ. (ಅದು ಹೇಗೆ ಮತ್ತೆ ಕನ್ನಡವಾಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ.)

ಮೂರು ವರ್ಷದ ಹಿಂದಿನ ಮಾತು ಸಿಗಲಿಲ್ಲ, ಹತ್ತು ವರ್ಷಕ್ಕೂ ಹಿಂದಿನದು ಸಿಕ್ತು. ಇದೇನು ಅದೃಷ್ಟವಾ, ಇಲ್ಲಾ ಇದರ ಹಿಂದೆ ಏನಾದರೂ ಕಾರಣ ಇದೆಯಾ? ಅದನ್ನು ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀನಿ.

ಮೂರು ಪ್ರಶ್ನೆಗಳು

ಇಂಟರ್ನೆಟ್ಟಿನಲ್ಲಿ ನಾವು ಮಾತಾಡೋ ದಾರಿಗಳು ಹತ್ತಾರು. ಇಮೇಲ್, ವಾಟ್ಸಾಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂ ಡಿಎಂ, ಡಿಸ್ಕಾರ್ಡ್, ವಿಡಿಯೋ ಕಾಲ್. ಹೊರಗಿಂದ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತೆ, ಇಲ್ಲಿ ಬರೆದದ್ದು ಅಲ್ಲಿ ಕಾಣಿಸುತ್ತೆ, ಅಷ್ಟೇ. ಆದರೆ ಯಾವುದೇ ಒಂದನ್ನು ತಗೊಂಡು ಮೂರು ಪ್ರಶ್ನೆ ಕೇಳಿ ನೋಡಿ.

ಒಂದು, ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕಾ?
ಎರಡು, ಇಬ್ಬರೂ ಒಂದೇ ಕಂಪನಿಯ ಗ್ರಾಹಕರಾಗಿರಬೇಕಾ?
ಮೂರು, ಮಾತು ಮುಗಿದ ಮೇಲೆ ಅದು ಎಲ್ಲಿ ಉಳಿಯುತ್ತೆ?

ಈ ಮೂರಕ್ಕೆ ಸಿಗುವ ಉತ್ತರಗಳೇ ಆ ದಾರಿಯ ನಿಜವಾದ ಗುಣ. ಬಣ್ಣ, ಸ್ಟಿಕ್ಕರ್, ಇಮೋಜಿ ಎಲ್ಲಾ ಆಮೇಲೆ.

ಇಮೇಲ್: ಒಪ್ಪಂದದ ಮೇಲೆ ನಡೆಯುವ ಅಂಚೆ

ಇಮೇಲ್ ನಮಗೆಲ್ಲ ಹಳೇ ಕಾಲದ್ದು ಅನ್ನಿಸುತ್ತೆ. ಹೌದು, ಹಳೆಯದೇ. 1971ರಲ್ಲಿ ಅಮೆರಿಕದ ಬಿಬಿಎನ್ ಕಂಪನಿಯ ಇಂಜಿನಿಯರ್ ರೇ ಟಾಮ್ಲಿನ್ಸನ್ ಅವರು ಅರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಮೇಲ್ ಕಳಿಸಿದರು. ತಮಾಷೆ ಏನಂದ್ರೆ ಆ ಎರಡೂ ಕಂಪ್ಯೂಟರು ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ಬಳಕೆದಾರನ ಹೆಸರು ಮತ್ತು ಕಂಪ್ಯೂಟರಿನ ಹೆಸರನ್ನು ಬೇರೆ ಮಾಡೋಕೆ ಕೀಬೋರ್ಡಿನಲ್ಲಿದ್ದ @ ಚಿಹ್ನೆಯನ್ನು ಆರಿಸಿಕೊಂಡವರೂ ಅವರೇ. ಆ ಮೊದಲ ಮೆಸೇಜಿನಲ್ಲಿ ಏನಿತ್ತು ಅನ್ನೋದು ಆಮೇಲೆ ಅವರಿಗೇ ನೆನಪಿರಲಿಲ್ಲ.

1982ರಲ್ಲಿ ಎಸ್‌ಎಂಟಿಪಿ ಅನ್ನುವ ನಿಯಮಾವಳಿ ಬಂತು. ಜಾನ್ ಪೋಸ್ಟೆಲ್ ಬರೆದದ್ದು. ಇದು ಯಾವ ಕಂಪನಿಯ ಗುಟ್ಟೂ ಅಲ್ಲ, ಯಾರು ಬೇಕಾದರೂ ಓದಬಹುದು, ಓದಿಕೊಂಡು ತಮ್ಮದೇ ಮೇಲ್ ಸರ್ವರ್ ಕಟ್ಟಬಹುದು. ನಿಮ್ಮ ಮೇಲ್ ಹೋಗುವ ದಾರಿ ಸುಮಾರಾಗಿ ಹೀಗಿರುತ್ತೆ.

ನೀವು ಜಿಮೇಲ್‌ನಿಂದ ಕಾಲೇಜಿನ ವಿಳಾಸಕ್ಕೆ ಮೇಲ್ ಕಳಿಸ್ತೀರಿ ಅಂದುಕೊಳ್ಳಿ. ಜಿಮೇಲ್ ಸರ್ವರ್ ಮೊದಲು @ ಆದಮೇಲೆ ಇರುವ ಹೆಸರನ್ನು ನೋಡುತ್ತೆ. "ಈ ಹೆಸರಿನವರ ಟಪಾಲು ತಗೊಳ್ಳೋ ಸರ್ವರ್ ಯಾವುದು?" ಅಂತ ಡಿಎನ್‌ಎಸ್ ಅನ್ನು ಕೇಳುತ್ತೆ. ಡಿಎನ್‌ಎಸ್‌ನಲ್ಲಿ ಎಂಎಕ್ಸ್ ರೆಕಾರ್ಡ್ ಅಂತ ಒಂದು ಸಾಲು ಇರುತ್ತೆ, ಅದರಲ್ಲಿ ಉತ್ತರ. ಆಮೇಲೆ ಆ ಸರ್ವರಿನ 25ನೇ ಪೋರ್ಟಿಗೆ ಹೋಗಿ ಬಾಗಿಲು ಬಡಿಯುತ್ತೆ. ನಾನು ಇಂಥವನು, ಇಂಥವರಿಂದ ಇಂಥವರಿಗೆ ಪತ್ರ ತಂದಿದ್ದೀನಿ ಅಂತ ಒಂದೊಂದೇ ಸಾಲು ಹೇಳುತ್ತೆ. ಆ ಕಡೆಯ ಸರ್ವರ್ ಸರಿ ಅನ್ನೋದಕ್ಕೆ 250 ಅನ್ನುವ ಸಂಖ್ಯೆ ಕೊಡುತ್ತೆ. ಪತ್ರ ಕೈ ಬದಲಾಯಿಸುತ್ತೆ.

ಕಾಲೇಜಿನ ಸರ್ವರ್ ಆ ಹೊತ್ತಿಗೆ ಕರೆಂಟ್ ಹೋಗಿ ಮಲಗಿದ್ದರೆ? ಏನೂ ತೊಂದರೆ ಇಲ್ಲ. ಕಳಿಸುವ ಸರ್ವರ್ ಪತ್ರವನ್ನು ಸರದಿಯಲ್ಲಿ ಇಟ್ಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ. ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕು ಅನ್ನೋದು ನಿಯಮದಲ್ಲೇ ಇರುವ ಸಲಹೆ. ಆಮೇಲೂ ಆಗದಿದ್ದರೆ ತಲುಪಲಿಲ್ಲ ಅಂತ ನಿಮಗೇ ವಾಪಸ್ ತಿಳಿಸುತ್ತೆ.

ಈಗ ಮೂರು ಪ್ರಶ್ನೆಗೆ ಉತ್ತರ ನೋಡಿ. ಒಂದೇ ಹೊತ್ತಿಗೆ ಇರಬೇಕಿಲ್ಲ. ಒಂದೇ ಕಂಪನಿ ಬೇಕಿಲ್ಲ. ಪತ್ರದ ಒಂದು ಪ್ರತಿ ಕಳಿಸಿದವರ ಪೆಟ್ಟಿಗೆಯಲ್ಲಿ, ಒಂದೊಂದು ಪ್ರತಿ ಪಡೆದ ಪ್ರತಿಯೊಬ್ಬರ ಪೆಟ್ಟಿಗೆಯಲ್ಲಿ ಉಳಿಯುತ್ತೆ, ಅವರಾಗಿ ಅಳಿಸುವ ತನಕ. ಫೋನು ಬಸ್ಸಿನಲ್ಲಿ ಹೋದರೂ ಪೆಟ್ಟಿಗೆ ಹೋಗಲ್ಲ. ಮೇಷ್ಟ್ರ 2013ರ ಮೇಲ್ ಸಿಕ್ಕಿದ್ದು ಇದಕ್ಕೇ.

ಹಾಗಂತ ಇಮೇಲ್ ದೇವರಲ್ಲ. ಬಾಗಿಲು ಯಾರು ಬೇಕಾದರೂ ಬಡಿಯಬಹುದು ಅಂದಮೇಲೆ ಕಳ್ಳರೂ ಬಡಿಯಬಹುದು. ಮೂಲ ನಿಯಮದಲ್ಲಿ "ಇಂಥವರಿಂದ" ಅನ್ನುವ ಸಾಲಿನಲ್ಲಿ ಏನು ಬರೆದರೂ ಕೇಳೋರಿರಲಿಲ್ಲ. ದೊಡ್ಡ ಕಂಪನಿಯ ಎಚ್‌ಆರ್ ಹೆಸರಿನಲ್ಲಿ "ನೀವು ಸೆಲೆಕ್ಟ್ ಆಗಿದ್ದೀರಿ, ಡಿಪಾಸಿಟ್ ಕಟ್ಟಿ" ಅಂತ ಬರುವ ಮೋಸದ ಮೇಲ್‌ಗಳ ಮೂಲ ಇದೇ ಸಡಿಲು. ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ತೇಪೆ ಹಾಕಿದರು. ಈ ಡೊಮೇನಿನ ಪತ್ರ ಇಂಥ ಸರ್ವರಿನಿಂದಲೇ ಬರಬೇಕು, ಅದರ ಮೇಲೆ ಡಿಜಿಟಲ್ ಸಹಿ ಇರಬೇಕು, ಇಲ್ಲದಿದ್ದರೆ ಸ್ಪ್ಯಾಮಿಗೆ ಹಾಕು ಅನ್ನುವ ವ್ಯವಸ್ಥೆ. ಆದರೂ ಒಂದಕ್ಷರ ಬದಲಿಸಿ ಹೊಸ ಡೊಮೇನನ್ನೇ ಕೊಂಡು ಕಳಿಸಿದರೆ ಈ ಪರೀಕ್ಷೆ ಎಲ್ಲಾ ಪಾಸಾಗುತ್ತೆ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ @ ಆದಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದೋದು ಒಳ್ಳೆಯದು.

ವಾಟ್ಸಾಪ್: ತಲುಪಿಸಿ ಮರೆಯುವ ಅಂಚೆಯವನು

ಈಗ ನಾವು ದಿನಕ್ಕೆ ನೂರು ಸಲ ಬಳಸೋ ವಾಟ್ಸಾಪಿಗೆ ಬರೋಣ. 2009ರಲ್ಲಿ ಜಾನ್ ಕೌಮ್ ಮತ್ತು ಬ್ರಯಾನ್ ಆಕ್ಟನ್ ಶುರು ಮಾಡಿದ್ದು, 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು.

ನಿಮ್ಮ ಫೋನು ವಾಟ್ಸಾಪ್ ಸರ್ವರಿನ ಜೊತೆ ಒಂದು ಸಂಪರ್ಕ ಇಟ್ಟುಕೊಂಡಿರುತ್ತೆ. ಮೆಸೇಜ್ ಸರ್ವರ್ ಮುಟ್ಟಿದರೆ ಒಂದು ಟಿಕ್. ಗೆಳೆಯನ ಫೋನ್ ಮುಟ್ಟಿದರೆ ಎರಡು ಟಿಕ್. ಅವನು ಓದಿದರೆ ನೀಲಿ. (ನೀಲಿ ಆದಮೇಲೂ ಉತ್ತರ ಬರದಿದ್ದರೆ ಅದಕ್ಕೆ ಯಾವ ಪ್ರೋಟೊಕಾಲೂ ಹೊಣೆಯಲ್ಲ!) ಗೆಳೆಯನ ಫೋನ್ ಆಫ್ ಇದ್ದರೆ ಸರ್ವರ್ ಆ ಮೆಸೇಜನ್ನು 30 ದಿನದ ತನಕ ಇಟ್ಟುಕೊಂಡು ಕಾಯುತ್ತೆ. ತಲುಪಿಸಿದ ಕೂಡಲೇ ಸರ್ವರಿನಿಂದ ಅಳಿಸಿಹಾಕುತ್ತೆ.

ಇಲ್ಲೇ ನಮ್ಮ ತಲೆನೋವಿನ ಬೇರು ಇರೋದು. ತಲುಪಿದ ಮೇಲೆ ಮೆಸೇಜು ಇರೋದು ಆ ಹೊತ್ತಿಗೆ ಗ್ರೂಪಿನಲ್ಲಿದ್ದವರ ಫೋನುಗಳಲ್ಲಿ ಮಾತ್ರ. ಆಮೇಲೆ ಸೇರಿದವರಿಗೆ ಹಳೆಯದು ತಾನಾಗಿ ಕಾಣಿಸಲ್ಲ. ಗ್ರೂಪ್ ಅಂದರೆ ಎಲ್ಲೋ ಒಂದು ಕಡೆ ಇಟ್ಟಿರುವ ದಫ್ತರ ಅಂತ ನಾವು ಅಂದ್ಕೊಂಡಿದ್ದೆವು. ಅದು ದಫ್ತರ ಅಲ್ಲ, ಕಟ್ಟೆ ಮೇಲೆ ಕೂತು ಆಡಿದ ಮಾತು. ಕೇಳಿಸಿಕೊಂಡವರ ನೆನಪಿನಲ್ಲಿ ಎಷ್ಟಿದೆಯೋ ಅಷ್ಟೇ.

ಇದು ಸೋಮಾರಿತನದ ವಿನ್ಯಾಸ ಅಂತ ಬೈಯೋ ಹಾಗಿಲ್ಲ. ಇದರ ಹಿಂದೆ ಒಳ್ಳೇ ಉದ್ದೇಶವೂ ಇದೆ, ಅದೇ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್. 2016ರ ಏಪ್ರಿಲ್‌ನಲ್ಲಿ ವಾಟ್ಸಾಪ್ ತನ್ನ ಎಲ್ಲಾ ಬಳಕೆದಾರರಿಗೆ ಇದನ್ನು ಕೊಟ್ಟಿತು. ಸಿಗ್ನಲ್ ಪ್ರೋಟೊಕಾಲ್ ಅನ್ನುವ ಪದ್ಧತಿ. ನಡುವಿನ ಸರ್ವರಿಗೂ ಮೆಸೇಜ್ ಓದೋಕೆ ಆಗಲ್ಲ. ನಾವಿಬ್ಬರೂ ಯಾವತ್ತೂ ಭೇಟಿಯಾಗಿಲ್ಲ, ಮಾತೆಲ್ಲ ಸರ್ವರಿನ ಮೂಲಕವೇ ಹೋಗೋದು, ಆದರೂ ಸರ್ವರಿಗೆ ಗೊತ್ತಾಗದ ಹಾಗೆ ಒಂದು ಗುಟ್ಟನ್ನು ಇಬ್ಬರೂ ಹೇಗೆ ಹಂಚಿಕೊಳ್ಳೋದು?

ಇದರ ಮೂಲ ಉಪಾಯವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದರು. ಸಣ್ಣ ಸಂಖ್ಯೆಯಲ್ಲಿ ಮಾಡಿ ನೋಡೋಣ, ಕ್ಯಾಲ್ಕುಲೇಟರ್ ತಗೊಳ್ಳಿ. ಎಲ್ಲರಿಗೂ ಗೊತ್ತಿರುವ ಎರಡು ಸಂಖ್ಯೆ: 3 ಮತ್ತು 17. ನನ್ನ ಗುಟ್ಟಿನ ಸಂಖ್ಯೆ 4. ನಾನು 3ರ 4ನೇ ಘಾತ ತೆಗೆದು, ಅಂದರೆ 81, ಅದನ್ನು 17ರಿಂದ ಭಾಗಿಸಿ ಶೇಷ 13 ಅನ್ನು ನಿಮಗೆ ಕಳಿಸ್ತೀನಿ. ನಿಮ್ಮ ಗುಟ್ಟಿನ ಸಂಖ್ಯೆ 6. ನೀವು 3ರ 6ನೇ ಘಾತ 729 ತೆಗೆದು, 17ರಿಂದ ಭಾಗಿಸಿ ಶೇಷ 15 ಅನ್ನು ನನಗೆ ಕಳಿಸ್ತೀರಿ. ಈಗ ನಾನು ನಿಮ್ಮ 15ಕ್ಕೆ ನನ್ನ ಗುಟ್ಟಿನ 4ನೇ ಘಾತ ಹಾಕಿ ಭಾಗಿಸಿದರೆ ಶೇಷ 16. ನೀವು ನನ್ನ 13ಕ್ಕೆ ನಿಮ್ಮ 6ನೇ ಘಾತ ಹಾಕಿ ಭಾಗಿಸಿದರೂ ಶೇಷ 16! ನಡುವೆ ಕದ್ದು ನೋಡಿದವನಿಗೆ ಸಿಕ್ಕಿದ್ದು 3, 17, 13, 15 ಮಾತ್ರ. 16 ಸಾಲಿನ ಮೇಲೆ ಹೋಗಲೇ ಇಲ್ಲ. ಇಷ್ಟು ಚಿಕ್ಕ ಸಂಖ್ಯೆಯಾದರೆ ಕಳ್ಳ ಒಂದೊಂದೇ ಹಾಕಿ ನೋಡಿ ಕಂಡುಹಿಡಿದುಬಿಡ್ತಾನೆ, ನಿಜ. ಆದರೆ ನಿಜವಾದ ಆ್ಯಪ್‌ಗಳಲ್ಲಿ ಇದೇ ಉಪಾಯದ ಇನ್ನೂ ಗಟ್ಟಿಯಾದ ರೂಪ ಇದೆ, ಸಂಖ್ಯೆಗಳು ಎಪ್ಪತ್ತೆಂಬತ್ತು ಅಂಕಿ ಉದ್ದ ಇರುತ್ತವೆ.

ಹೀಗೆ ಹುಟ್ಟಿದ ಗುಟ್ಟು ನಿಮ್ಮ ಫೋನಿನಲ್ಲೇ ಇರುತ್ತೆ. ಕಂಪನಿ ಹತ್ತಿರ ಇಲ್ಲ. ಹಾಗಾಗಿ ಫೋನೂ ಹೋಗಿ ಬ್ಯಾಕಪ್ಪೂ ಇಲ್ಲದಿದ್ದರೆ "ನನ್ನ ಹಳೇ ಮೆಸೇಜ್ ಕೊಡಿ" ಅಂತ ಕಂಪನಿಯನ್ನು ಕೇಳಿದರೂ ಅವರ ಹತ್ತಿರ ಕೊಡೋಕೆ ಇರಲ್ಲ. ಬೇರೆಯವರು ಓದಬಾರದು ಅನ್ನೋ ರಕ್ಷಣೆಯೇ ನಮಗೂ ಸಿಗದ ಹಾಗೆ ಮಾಡಿತು. ಒಂದು ಮಾತು ಗಮನದಲ್ಲಿರಲಿ: ಮೆಸೇಜಿನ ಒಳಗಡೆ ಏನಿದೆ ಅನ್ನೋದು ಮುಚ್ಚಿರುತ್ತೆ, ಆದರೆ ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನೋದು ತಲುಪಿಸುವ ಸರ್ವರಿಗೆ ಗೊತ್ತಾಗಲೇಬೇಕಲ್ಲ.

ಟೆಲಿಗ್ರಾಂ ಇದಕ್ಕೆ ಉಲ್ಟಾ. ಅಲ್ಲಿನ ಮಾಮೂಲಿ ಚಾಟ್‌ಗಳು ಕಂಪನಿಯ ಸರ್ವರಿನಲ್ಲೇ ಉಳಿಯುತ್ತವೆ. ಹೊಸ ಫೋನಿನಲ್ಲಿ ಲಾಗಿನ್ ಆದರೆ ಹಳೆಯದೆಲ್ಲ ಹಾಜರ್. ಅದೇ ಕಾರಣಕ್ಕೆ ಮಾಮೂಲಿ ಚಾಟ್‌ಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇಲ್ಲ, ಬೇಕಿದ್ದರೆ ಸೀಕ್ರೆಟ್ ಚಾಟ್ ಅಂತ ಬೇರೆಯಾಗಿ ಶುರು ಮಾಡಬೇಕು. ಒಂದನ್ನು ಪಡೆಯೋಕೆ ಇನ್ನೊಂದನ್ನು ಬಿಟ್ಟಿದ್ದಾರೆ.

ದುಡ್ಡು ದಾಟುತ್ತೆ, ಮಾತು ಯಾಕೆ ದಾಟಲ್ಲ?

ಈಗ ಎರಡನೇ ಪ್ರಶ್ನೆಗೆ ಬರೋಣ. ಕ್ಯಾಂಟೀನಿನಲ್ಲಿ ನೀವು ಫೋನ್‌ಪೇಯಿಂದ ದುಡ್ಡು ಕಳಿಸ್ತೀರಿ, ಅಂಗಡಿಯವರು ಗೂಗಲ್ ಪೇ ಇಟ್ಕೊಂಡಿದ್ದರೂ ಹೋಗುತ್ತೆ. ಬ್ಯಾಂಕೂ ಬೇರೆ, ಆ್ಯಪೂ ಬೇರೆ. ಆದರೆ ವಾಟ್ಸಾಪಿನಿಂದ ಟೆಲಿಗ್ರಾಂಗೆ ಒಂದು "ಹಾಯ್" ಹೋಗಲ್ಲ. ದುಡ್ಡಿಗಿಂತ "ಹಾಯ್" ಕಳಿಸೋದು ಕಷ್ಟವಾ?

ಖಂಡಿತಾ ಅಲ್ಲ. ದುಡ್ಡಿನ ವಿಷಯದಲ್ಲಿ ಎನ್‌ಪಿಸಿಐ 2016ರಲ್ಲಿ ಯುಪಿಐ ಅನ್ನುವ ಒಂದು ಸಮಾನ ನಿಯಮ ತಂದಿತು, ಎಲ್ಲರೂ ಅದಕ್ಕೆ ತಲೆಬಾಗಬೇಕಾಯ್ತು. ಚಾಟ್ ವಿಷಯದಲ್ಲೂ ಅಂಥ ನಿಯಮ ಇರಲಿಲ್ಲ ಅಂತಲ್ಲ. 1999ರ ಹೊತ್ತಿಗೆ ಜೆರೆಮಿ ಮಿಲ್ಲರ್ ಅವರ ಜ್ಯಾಬರ್ ಬಂದಿತ್ತು, ಅದೇ ಮುಂದೆ ಎಕ್ಸ್‌ಎಂಪಿಪಿ ಅನ್ನುವ ಮುಕ್ತ ನಿಯಮಾವಳಿಯಾಯ್ತು. ಇಮೇಲ್ ಥರವೇ, ಯಾವ ಸರ್ವರಿನವರು ಯಾವ ಸರ್ವರಿನವರ ಜೊತೆ ಬೇಕಾದರೂ ಚಾಟ್ ಮಾಡಬಹುದು. 2005ರಲ್ಲಿ ಬಂದ ಗೂಗಲ್ ಟಾಕ್ ಇದನ್ನೇ ಬಳಸಿತು, ಮರುವರ್ಷ ಹೊರಗಿನ ಸರ್ವರುಗಳಿಗೂ ಬಾಗಿಲು ತೆರೆಯಿತು. 2013ರಲ್ಲಿ ಹ್ಯಾಂಗೌಟ್ಸ್ ಬಂದಾಗ ಆ ದಾರಿ ಬಿಟ್ಟುಬಿಟ್ಟಿತು. ಇನ್ನೂ ಸ್ವಾರಸ್ಯ ಅಂದ್ರೆ, ವಾಟ್ಸಾಪ್ ಶುರುವಾಗಿದ್ದೇ ಎಕ್ಸ್‌ಎಂಪಿಪಿಯನ್ನು ತನಗೆ ಬೇಕಾದ ಹಾಗೆ ಬದಲಿಸಿಕೊಂಡು. ಭಾಷೆ ಮುಕ್ತವಾದದ್ದು, ಬಾಗಿಲು ಮಾತ್ರ ಹೊರಗಿನವರಿಗೆ ತೆರೆಯಲಿಲ್ಲ.

ಯಾಕೆ? ಎಲ್ಲರೂ ಇರುವ ಕಡೆಗೇ ಎಲ್ಲರೂ ಬರ್ತಾರೆ. ನಿಮಗೆ ಬೇರೆ ಆ್ಯಪ್ ಇಷ್ಟವಾದರೂ ಅಮ್ಮ, ಅತ್ತೆ, ಕ್ಲಾಸ್ ಗ್ರೂಪ್, ಹಾಸ್ಟೆಲ್ ವಾರ್ಡನ್ ಎಲ್ಲಾ ಇಲ್ಲೇ ಇದ್ದಾರೆ. ಹೊರಟರೆ ಒಬ್ಬರೇ ಹೊರಡಬೇಕು. ಬಾಗಿಲು ಮುಚ್ಚಿದ ಕಂಪನಿಗೆ ಇದಕ್ಕಿಂತ ಲಾಭ ಬೇಕಾ? ಇನ್ನೊಂದು ಪಕ್ಷವನ್ನೂ ಹೇಳಬೇಕು. ಮನೆಗೆ ಒಬ್ಬನೇ ಯಜಮಾನ ಇದ್ದರೆ ಕೆಲಸ ಬೇಗ ಆಗುತ್ತೆ. 2016ರಲ್ಲಿ ನೂರು ಕೋಟಿಗೂ ಹೆಚ್ಚು ಜನರಿಗೆ ಎನ್‌ಕ್ರಿಪ್ಶನ್ ಕೊಡೋಕೆ ವಾಟ್ಸಾಪಿಗೆ ಸಾಧ್ಯವಾಗಿದ್ದು ಅದಕ್ಕೇ. ಇಮೇಲ್‌ಗೆ ಪಿಜಿಪಿ ಅನ್ನುವ ಎನ್‌ಕ್ರಿಪ್ಶನ್ 1991ರಲ್ಲೇ ಬಂದಿದ್ದರೂ ಇವತ್ತಿಗೂ ಅದನ್ನು ಬಳಸುವವರು ಬೆರಳೆಣಿಕೆ.

ಆದರೆ ಯಜಮಾನ ಮನೆ ಮುಚ್ಚಿದರೆ? ಇದೇನು ಊಹೆ ಅಲ್ಲ. 2004ರಲ್ಲಿ ಶುರುವಾಗಿ ನಮ್ಮ ಅಕ್ಕ ಅಣ್ಣಂದಿರನ್ನು ಹುಚ್ಚೆಬ್ಬಿಸಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುತ್ತಿದ್ದ ಯಾಹೂ ಮೆಸೆಂಜರ್ 2018ರಲ್ಲಿ ಹೋಯ್ತು. 1996ರ ಐಸಿಕ್ಯೂ 2024ರಲ್ಲಿ, 2003ರ ಸ್ಕೈಪ್ 2025ರಲ್ಲಿ. ಕೆಲವು ಕಡೆ ಹಳೆಯದನ್ನು ಇಳಿಸಿಕೊಳ್ಳೋಕೆ ಸಮಯ ಕೊಟ್ಟಿದ್ದರು, ಆದರೆ ಗಮನಿಸದೆ ಇದ್ದವರದ್ದು ಹೋಯ್ತು. ಇಮೇಲ್ ಕಂಪನಿಗಳೂ ಎಷ್ಟೋ ಮುಚ್ಚಿವೆ, ಆದರೆ ಇಮೇಲ್ ಮುಚ್ಚಲಿಲ್ಲ, ಯಾಕಂದ್ರೆ ಅದನ್ನು ಮುಚ್ಚೋ ಅಧಿಕಾರ ಯಾರಿಗೂ ಇಲ್ಲ.

ಯುರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಅನ್ನುವ ಕಾನೂನು 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾಗಿದೆ. ಬೇರೆ ಸೇವೆಯವರು ಕೇಳಿದರೆ ವಾಟ್ಸಾಪ್‌ನಂಥ ದೊಡ್ಡ ಮೆಸೇಜಿಂಗ್ ಆ್ಯಪ್‌ಗಳು ಸಂಪರ್ಕ ಕೊಡಬೇಕು ಅನ್ನೋದು ಅದರ ಒಂದು ಷರತ್ತು. ಹೆಚ್ಚೂಕಮ್ಮಿ ಮಾತಿಗೊಂದು ಯುಪಿಐ. ಎನ್‌ಕ್ರಿಪ್ಶನ್ ಕೆಡದ ಹಾಗೆ ಎರಡು ಆ್ಯಪ್‌ಗಳನ್ನು ಜೋಡಿಸೋದು ಸುಲಭದ ಕೆಲಸವಲ್ಲ. ನಮ್ಮಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಈ ಕಡೆ ಒಮ್ಮೆ ನೋಡಬಹುದು.

ಕಾಲ್: ಇಲ್ಲಿ ಉಳಿಸೋದಲ್ಲ, ಮುಟ್ಟಿಸೋದು ಮುಖ್ಯ

ವಿಡಿಯೋ ಕಾಲ್‌ನಲ್ಲಿ ಮೊದಲ ಪ್ರಶ್ನೆಯೇ ಬೇರೆ ಉತ್ತರ ಕೊಡುತ್ತೆ: ಇಬ್ಬರೂ ಅದೇ ಕ್ಷಣದಲ್ಲಿ ಇರಲೇಬೇಕು. ಹಾಗಾಗಿ ಇಂಜಿನಿಯರಿಂಗೂ ಬೇರೆ. ಮೆಸೇಜಿಗೆ ಬಳಸೋ ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅದನ್ನು ಮತ್ತೆ ತರಿಸಿಕೊಂಡೇ ಮುಂದೆ ಹೋಗೋದು. ಮಾತಿನಲ್ಲಿ ಹಾಗೆ ಕಾದರೆ ಆಗಲ್ಲ. ಅರ್ಧ ಸೆಕೆಂಡ್ ಹಿಂದಿನ ಒಂದು ಚೂರು ಶಬ್ದ ಈಗ ಬಂದು ಏನು ಪ್ರಯೋಜನ? ಅದಕ್ಕೇ ಕಾಲ್‌ಗಳು ಸಾಮಾನ್ಯವಾಗಿ ಯುಡಿಪಿ ಬಳಸುತ್ತವೆ. ಹೋದದ್ದು ಹೋಗಲಿ, ಮುಂದಿನದು ಬರಲಿ. ನಡುವೆ "ಟರ್ರ್" ಅಂತ ಧ್ವನಿ ಹರಿಯೋದು ಆ ಕಳೆದುಹೋದ ಚೂರುಗಳಿಂದ.

ಸಹಜವಾಗಿ ಮಾತಾಡಬೇಕಾದರೆ ಒಂದು ಬದಿಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಗೆ ಸುಮಾರು 14,000 ಕಿ.ಮೀ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತೆ. ಅಂದರೆ ಕೇಬಲ್ಲು ನೇರವಾಗಿ ಇದ್ದರೂ ದಾರಿಗೇ 70 ಮಿಲಿಸೆಕೆಂಡ್ ಬೇಕು. ಕೇಬಲ್ಲು ಸುತ್ತಿ ಬಳಸಿ ಹೋಗೋದು, ರೂಟರುಗಳು, ವಿಡಿಯೋ ಕುಗ್ಗಿಸಿ ಹಿಗ್ಗಿಸೋದು, ಎಲ್ಲಾ ಸೇರಿದರೆ ಅಂಚಿಗೆ ಬಂದಾಯ್ತು. ಅಲ್ಲಿರುವ ಮಗ ಮತ್ತು ಇಲ್ಲಿರುವ ಅಮ್ಮ ಒಟ್ಟಿಗೇ "ಊಟ ಆಯ್ತಾ" ಅಂತ ಶುರುಮಾಡಿ, ಒಟ್ಟಿಗೇ ನಿಲ್ಲಿಸಿ, ಮತ್ತೆ ಒಟ್ಟಿಗೇ ಶುರುಮಾಡೋದು ಇದರಿಂದಲೇ. ನೆಟ್‌ವರ್ಕ್ ಎಷ್ಟೇ ಚೆನ್ನಾಗಿದ್ದರೂ ಬೆಳಕಿನ ವೇಗವನ್ನು ರೀಚಾರ್ಜ್ ಮಾಡಿಸೋಕೆ ಆಗಲ್ಲ.

ಇಲ್ಲಿ ಮೂರನೇ ಪ್ರಶ್ನೆಗೆ ಉತ್ತರ ಸುಲಭ. ರೆಕಾರ್ಡ್ ಮಾಡದಿದ್ದರೆ ಏನೂ ಉಳಿಯಲ್ಲ. ಕಾಲ್‌ನಲ್ಲಿ ತಗೊಂಡ ತೀರ್ಮಾನವನ್ನು ಯಾರಾದರೂ ಬರೆದಿಡಬೇಕು, ಇಲ್ಲದಿದ್ದರೆ ಮುಂದಿನ ಕಾಲ್‌ನಲ್ಲಿ ಅದೇ ಜಗಳ.

ಇನ್ನು ಆ ಇಂಗ್ಲಿಷ್ ಅಕ್ಷರಗಳ ಕಥೆ

ಈಗ 2013ರ ಫೈಲಿಗೆ ಬರ್ತೀನಿ. ಮೇಲ್ ಉಳಿದಿತ್ತು, ಕನ್ನಡ ಉಳಿದಿರಲಿಲ್ಲ. ಯಾಕೆ?

ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಮೊದಲೆಲ್ಲ ಆ ಸಂಖ್ಯೆಗಳನ್ನು ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳಿಗೆ ಕೊಟ್ಟಾಗಿತ್ತು. ಕನ್ನಡಕ್ಕೆ ಜಾಗ ಇಲ್ಲದಾಗ ನಮ್ಮವರು ಒಂದು ಜಾಣತನ ಮಾಡಿದರು. ಅದೇ ಸಂಖ್ಯೆಗಳಿಗೆ ಕನ್ನಡದ ಆಕಾರ ತೋರಿಸೋ ಫಾಂಟ್ ಮಾಡಿದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷಿನ ಕಲಸುಮೇಲೋಗರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳೆಲ್ಲ ಈ ಬಗೆಯವು. ಕಂಪ್ಯೂಟರಿನಲ್ಲಿ ಕನ್ನಡ ಕಾಣಿಸಿಕೊಂಡಿದ್ದೇ ದೊಡ್ಡದು ಅನ್ನೋ ಕಾಲದಲ್ಲಿ ಆ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಓದೋವರ ಹತ್ತಿರವೂ ಅದೇ ಫಾಂಟ್ ಇರಬೇಕು ಅನ್ನೋದು, ಒಂದೇ ಆ್ಯಪ್ ಇರಬೇಕು ಅನ್ನೋದರ ಅಣ್ಣನೇ ಅಲ್ವಾ?

ಯುನಿಕೋಡ್ ಇದಕ್ಕೆ ಪರಿಹಾರ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ. "ಕ" ಅಕ್ಷರದ ಸಂಖ್ಯೆ 3221. ಬೆಂಗಳೂರಿನಲ್ಲಾಗಲಿ ಬರ್ಲಿನ್ನಿನಲ್ಲಾಗಲಿ 3221 ಅಂದರೆ "ಕ"ನೇ. "ಕನ್ನಡ" ಅನ್ನುವ ಪದದಲ್ಲಿ ಕಣ್ಣಿಗೆ ಮೂರು ಅಕ್ಷರ ಕಂಡರೂ ಒಳಗಡೆ ಐದು ಸಂಖ್ಯೆ: ಕ, ನ, ವಿರಾಮ ಚಿಹ್ನೆ, ನ, ಡ. ಇಂಟರ್ನೆಟ್ಟಿನಲ್ಲಿ ಬಳಕೆಯಲ್ಲಿರುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಎಸ್‌ಎಂಎಸ್ ಕಾಲದಲ್ಲಿ ಈ ಲೆಕ್ಕ ಜೇಬಿಗೇ ತಟ್ಟುತ್ತಿತ್ತು. ಒಂದು ಎಸ್‌ಎಂಎಸ್ ಅಂದರೆ 140 ಬೈಟ್. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಕಡೆ ಕನ್ನಡದಲ್ಲಿ 70 ಮಾತ್ರ. ಜೊತೆಗೆ ಶುರುವಿನ ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣ್ತಿದ್ದವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಅಭ್ಯಾಸ ಬೇರೂರಿದ್ದು ಸೋಂಬೇರಿತನದಿಂದ ಮಾತ್ರ ಅಲ್ಲ, ಇಂಥ ಕಾರಣಗಳೂ ಇದ್ದವು.

ಈಗ ಆ ಕಾರಣಗಳು ಇಲ್ಲ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದೆ, ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತೆ. ಆದರೂ ಅಭ್ಯಾಸ ಬಿಟ್ಟಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರ ಕಾಗುಣಿತ ಒಂದೊಂದು ಥರ. ನಾಳೆ ಒಂದು ಪದ ಹುಡುಕಬೇಕೆಂದರೆ ಎಷ್ಟು ಥರ ಹುಡುಕೋದು? ವಾಯ್ಸ್ ಮೆಸೇಜಂತೂ ಆಡಿದವರ ಧ್ವನಿ ಕೇಳಿಸುತ್ತೆ ಅನ್ನೋದು ಬಿಟ್ಟರೆ ಹುಡುಕೋಕೆ ಬರಲ್ಲ. ಅಜ್ಜಿಗೆ ಅದೇ ಸರಿ, ಸಂಘದ ಲೆಕ್ಕಕ್ಕೆ ಅದು ಸರಿಯಲ್ಲ.

ನಮ್ಮ ಪತ್ರ ಏನಾಯ್ತು ಅಂದ್ರೆ, ಹಳೇ ಫಾಂಟಿನಿಂದ ಯುನಿಕೋಡಿಗೆ ಬದಲಾಯಿಸುವ ಕನ್ವರ್ಟರ್‌ಗೆ ಅದನ್ನು ಹಾಕಿದೆವು. ಕಲಸುಮೇಲೋಗರ ಒಂದೇ ಕ್ಷಣದಲ್ಲಿ "ಮಾನ್ಯರೇ" ಅಂತ ಶುರುವಾಯ್ತು. ಒಂದೆರಡು ಒತ್ತಕ್ಷರ ಕೈಯಾರೆ ತಿದ್ದಿದೆವು, ಅಷ್ಟೇ. ತಾರೀಖು ಬದಲಿಸಿ ಕೊಟ್ಟೆವು, ಅನುಮತಿಯೂ ಸಿಕ್ತು.

ಹಾಗಾದ್ರೆ ನಾವೇನು ಮಾಡ್ತಿದ್ದೀವಿ

ವಾಟ್ಸಾಪ್ ಬಿಟ್ಟಿಲ್ಲ, ಬಿಡೋದೂ ಇಲ್ಲ. "ಎಲ್ಲಿದ್ದೀರಾ, ರಿಹರ್ಸಲ್ ಶುರುವಾಯ್ತು" ಅನ್ನೋಕೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಆದರೆ ಈಗ ಒಂದು ಸಣ್ಣ ನಿಯಮ ಮಾಡ್ಕೊಂಡಿದ್ದೀವಿ: ಇವತ್ತಿಗೆ ಬೇಕಾದ ಮಾತು ಗ್ರೂಪಿನಲ್ಲಿ, ಮುಂದಿನ ವರ್ಷಕ್ಕೂ ಬೇಕಾದ ಮಾತು ಮೇಲ್‌ನಲ್ಲಿ.

ಸಂಘಕ್ಕೇ ಒಂದು ಮೇಲ್ ವಿಳಾಸ ಇಟ್ಟಿದ್ದೀವಿ. ಯಾವ ವ್ಯಕ್ತಿಯ ಹೆಸರಿನಲ್ಲೂ ಅಲ್ಲ. ಪಾಸ್‌ವರ್ಡ್ ಪ್ರತಿ ವರ್ಷ ಹೊಸ ತಂಡಕ್ಕೆ ಹೋಗುತ್ತೆ. ಕಾರ್ಯಕ್ರಮ ಮುಗಿದ ವಾರದೊಳಗೆ ಪತ್ರಗಳು, ಖರ್ಚಿನ ಲೆಕ್ಕ, ಯಾರ ಹತ್ತಿರ ಏನು ಬಾಡಿಗೆಗೆ ತಂದೆವು, ಎಲ್ಲಿ ಎಡವಿದೆವು, ಎಲ್ಲವನ್ನೂ ಯುನಿಕೋಡ್ ಕನ್ನಡದಲ್ಲಿ ಬರೆದು ಆ ವಿಳಾಸಕ್ಕೂ ಮೇಷ್ಟ್ರಿಗೂ ಒಂದು ಮೇಲ್. ವಾಟ್ಸಾಪಿನ ಎಕ್ಸ್‌ಪೋರ್ಟ್ ಚಾಟ್ ಒತ್ತಿದರೆ ಚಾಟ್ ಒಂದು ಮಾಮೂಲಿ ಟೆಕ್ಸ್ಟ್ ಫೈಲ್ ಆಗಿ ಹೊರಗೆ ಬರುತ್ತೆ, ವರ್ಷಕ್ಕೊಮ್ಮೆ ಅದನ್ನೂ ಸೇರಿಸ್ತೀವಿ. ಗ್ರೂಪಿನಲ್ಲಿರೋರಿಗೆಲ್ಲ ಮೊದಲೇ ತಿಳಿಸಿ, ಅವರ ಸ್ವಂತ ಮಾತುಗಳನ್ನು ತೆಗೆದು.

ನೀವೂ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಫೋನ್ ತೆಗೆದು, ಕಳೆದುಹೋದರೆ ನಿಜಕ್ಕೂ ಬೇಜಾರಾಗುವ ಒಂದು ಮೆಸೇಜ್ ಯಾವುದು ಅಂತ ನೋಡಿ. ಪ್ರಾಜೆಕ್ಟಿನ ವಿಷಯವೋ, ಅಪ್ಪ ಬರೆದದ್ದೋ, ತೀರಿಹೋದ ತಾತನ ಧ್ವನಿಯೋ. ಅದು ಈಗ ಎಷ್ಟು ಕಡೆ ಇದೆ ಅಂತ ಲೆಕ್ಕ ಹಾಕಿ. ಉತ್ತರ "ಈ ಫೋನಿನಲ್ಲಿ ಮಾತ್ರ" ಅಂತಾದರೆ, ಮಲಗೋಕೆ ಮುಂಚೆ ಅದನ್ನು ನಿಮಗೆ ನೀವೇ ಒಂದು ಮೇಲ್ ಮಾಡ್ಕೊಳ್ಳಿ.